ರತ್ನಳ ರಾಜಿಪತ್ರ ಬರೆಸಿದವಳು ನಾನು

ರತ್ನ, ನಿನ್ನ ದೂರನ್ನು ಕೊಂದವಳು ನಾನು. ಪೊಲೀಸರಲ್ಲ, ನಿನ್ನ ಗಂಡನೂ ಅಲ್ಲ — ಅವರೆಲ್ಲ ಆಮೇಲೆ. ಮೂರು ವರ್ಷದ ಹಿಂದೆ ಠಾಣೆಯಲ್ಲಿ ನಿನ್ನ ಪಕ್ಕ ಕೂತು, ರಾಜಿಪತ್ರದ ಒಂದೊಂದು ಸಾಲನ್ನೂ ಹೇಳಿ ಬರೆಸಿದವಳು ನೀನು ನಂಬಿದ ಜಯಕ್ಕ.

ಬೇರೆಯವರ ಘಟಕದ ಬಿಸಿನೀರಿನಲ್ಲಿ ಕೈ ಬೇಯಿಸಿಕೊಂಡು ರೇಷ್ಮೆ ನೂಲು ತೆಗೆದವಳು ನಾನು; ಇವತ್ತು ಶಿಡ್ಲಘಟ್ಟದಲ್ಲಿ ಸ್ವಂತ ಘಟಕ ನಡೆಸುತ್ತಿದ್ದೇನೆ. ನೀನು ಅಲ್ಲಿಯೇ ಕೆಲಸಕ್ಕಿದ್ದೆ. ಮಾರುಕಟ್ಟೆಯಲ್ಲಿ ಒಂದು ಹಿಡಿ ರೇಷ್ಮೆಗೂಡು ಎತ್ತಿಕೊಂಡರೆ ಸಾಕು, ಬೆಲೆ ಎಷ್ಟಕ್ಕೆ ಇಳಿಸಬಹುದು ಎಂದು ನನಗೆ ಗೊತ್ತಾಗುತ್ತದೆ. ಆ ಬುದ್ಧಿಯನ್ನೇ ನಿನ್ನ ಬೆನ್ನಿನ ಬಾಸುಂಡೆಗಳ ಮೇಲೂ ಓಡಿಸಿದೆ. ಹೇಳಲು ಅಸಹ್ಯ — ಹೇಳಲೇಬೇಕು.

ಆ ಠಾಣೆಗೊಂದು ಪದ್ಧತಿಯಿತ್ತು. ಹೊಡೆತ ತಿಂದ ಹೆಂಗಸು ಬಂದರೆ, ಪ್ರಕರಣ ದಾಖಲಿಸುವ ಮೊದಲು ಊರಿನ ಒಬ್ಬ ಗಟ್ಟಿ ಹೆಂಗಸಿಗೆ ಹೇಳಿಕಳಿಸುವುದು. ಹೆಣ್ಣಿನ ಪಕ್ಕ ಹೆಣ್ಣು ಕೂತರೆ ಕಾಗದದ ಮೇಲೆ ಚೆಂದ. ವೈದ್ಯರಿಗೆ ತೋರಿಸುವುದು, ಮಹಿಳಾ ಇಲಾಖೆಯ ರಕ್ಷಣಾಧಿಕಾರಿಗೆ ತಿಳಿಸುವುದು, ವರದಿ ಕಳಿಸುವುದು — ಇಷ್ಟೂ ಸರ್ಕಾರದ ಕೆಲಸ. ಅದನ್ನು ಒಂದು ಲೋಟ ಟೀ ಕುಡಿಸಿ ನನ್ನ ತಲೆಗೆ ಕಟ್ಟುತ್ತಿದ್ದರು. ನಾನೂ ದೊಡ್ಡಸ್ತಿಕೆಯೆಂದು ಹೊರುತ್ತಿದ್ದೆ. ಥೂ.

"ಪೋನೀಲೇ, ಹೋಗ್ಲಿ ಬಿಡಕ್ಕಾ," ಅಂದ ದಫೇದಾರ, ನೀನು ಬಂದ ದಿನ. "ಕೇಸು ಅಂದ್ರೆ ಇವಳೇ ಅಲೀಬೇಕು. ನೀನೊಂದು ಮಾತು ಹೇಳು."

ನೀನು ನನ್ನ ಮುಖ ನೋಡಿದೆ. "ನೀನು ಹೆಂಗ್ ಹೇಳಿದ್ರೆ ಹಂಗೆ ಅಕ್ಕಾ. ಮನೆಗೋದ್ರೆ ಸುಮ್ನೆ ಇರ್ತಾನಾ ಅವ್ನು?"

"ಇರ್ದೆ ಏನ್ಮಾಡ್ತಾನೆ? ಮುಚ್ಚಳಿಕೆ ಬರ್ಸ್ಕೊಂತೀವಲ್ಲಮ್ಮ. ನೀನೊಂದು ಬಿಡು, ಅವನೊಂದು ಬಿಡ್ತಾನೆ," ಅಂದೆ ನಾನು.

ಅವನು ಬಿಡಬೇಕಾಗಿದ್ದದ್ದು ಕೈಮಾಡುವುದನ್ನು. ನೀನು ಬಿಟ್ಟದ್ದು ಕಾನೂನನ್ನು. ಇದನ್ನು ಸಮ ವ್ಯಾಪಾರವೆಂದುಕೊಂಡ ನನ್ನ ಜಾಣತನ — ನೀನು 'ಹೊಡೆದ' ಎಂದದ್ದನ್ನು 'ಮಾತಿಗೆ ಮಾತು ಬೆಳೆದು' ಎಂದು ತಿದ್ದಿಸಿದೆ. ಕೊನೆಗೆ 'ಸ್ವಇಚ್ಛೆಯಿಂದ ದೂರು ಹಿಂಪಡೆದಿದ್ದೇನೆ' ಎಂದು ಸೇರಿಸಿದೆ. ಅದನ್ನು ಯಾರೂ ಕೇಳಿರಲಿಲ್ಲ.

ಇನ್ನೊಂದು ಸಂಗತಿ ನಿನಗೆ ಗೊತ್ತಿಲ್ಲ. ನನ್ನ ಘಟಕದ ಗಬ್ಬು ನೀರಿನ ಮೇಲೆ ಬೀದಿಯವರು ಕೊಟ್ಟ ದೂರು ಆಗ ಅದೇ ಠಾಣೆಯಲ್ಲಿ ಬಿದ್ದಿತ್ತು. ಅವರು ಅದರ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ಎತ್ತದೆಯೇ ಅರ್ಥವಾಗುವಷ್ಟು ವ್ಯಾಪಾರ ನನಗೆ…

ರಾಜಿಯಾದ ಎರಡೇ ತಿಂಗಳಿಗೆ ನಿನ್ನ ಗಂಡನ ಏಟಿಗೆ ನಿನ್ನ ಬಲಗಿವಿ ಹೋಯಿತು. ಚಿಂತಾಮಣಿಯಲ್ಲಿರುವ ತಂಗಿಯ ಮನೆ ಸೇರಿಕೊಂಡು, ದೂರು ಕೊಟ್ಟ ದಿನವೇ ಠಾಣೆಯೂ ಮಹಿಳಾ ಇಲಾಖೆಯೂ ಏಕೆ ಸುಮ್ಮನಿದ್ದವು ಎಂದು ನೀನು ಮೇಲಧಿಕಾರಿಗಳಿಗೆ ಬರೆದೆ. ಬರೆಯುತ್ತಲೇ ಇದ್ದೆ. ಅದಕ್ಕೆ ಠಾಣೆಯವರು ಮೇಲಕ್ಕೆ ಕೊಟ್ಟ ಉತ್ತರದ ನಕಲನ್ನು ಹೋದ ವಾರ ಅದೇ ದಫೇದಾರ ನನ್ನ ಮನೆಗೆ ತಂದ. ಗೌರವಾನ್ವಿತ ಮಹಿಳೆಯ ಸಮಕ್ಷಮ ಸ್ವಇಚ್ಛೆಯಿಂದ ರಾಜಿಯಾಗಿದೆಯಂತೆ. ಆದ್ದರಿಂದ ಕ್ರಮದ ಅಗತ್ಯ ಕಂಡುಬಂದಿಲ್ಲವಂತೆ. ಮುದ್ರೆ, ಸಹಿ, ಲಾಠಿ, ಜೀಪು ಎಲ್ಲ ಇರುವವರು ಗೂಡು ಕೊಳ್ಳುವ ಹೆಂಗಸೊಬ್ಬಳ ಸೆರಗಿನ ಹಿಂದೆ ಅಡಗಿ ಕೂತಿದ್ದಾರೆ. ಎಂಥ ಪೌರುಷ.

"ಸೋಮವಾರ ಚಿಕ್ಕಬಳ್ಳಾಪುರದಲ್ಲಿ ದೊಡ್ಡ ಸಾಹೇಬ್ರ ಕಚೇರೀಲಿ ಅವಳ ಅರ್ಜಿ ವಿಚಾರಣೆ ಐತೆ," ಅಂದ. "ಅವತ್ತಿನ ಮಾತೇ ಇನ್ನೊಂದ್ಸಲ ಹೇಳ್ಬಿಡಕ್ಕಾ. ಫೈಲು ಮುಚ್ಕೊಳ್ಳುತ್ತೆ."

"ಮುಚ್ಕೊಳ್ಳಲ್ಲಪ್ಪ. ಯಾರು ಕರೆಸಿದ್ರು, ಯಾಕ್ ಕರೆಸಿದ್ರು, ನಾನೇನ್ ತಿದ್ದಿಸ್ದೆ, ಎಲ್ಲಾ ಹೇಳ್ತೀನಿ."

"ನಿನ್ ಘಟಕದ ಫೈಲೂ ನಮ್ ಹತ್ರಾನೇ ಐತೆ ನೋಡು."

"ಅದನ್ನೂ ತಗೊಂಡ್ ಬಾ. ಒಟ್ಟಿಗೆ ಓದಣ."

ಇದನ್ನು ಓದುತ್ತಿರುವ ಹೆಂಗಸರಿಗೂ ಒಂದು ಮಾತು — ಬುದ್ಧಿ ಹೇಳುವ ಚಟ ನನ್ನದು, ಬಿಡಲಾರೆ. ಠಾಣೆಗೆ ಹೋದರೆ ದೂರಿಗೆ ಸ್ವೀಕೃತಿ ಪತ್ರ ಕೇಳಿ. ರಕ್ಷಣಾಧಿಕಾರಿಗೆ ಯಾವಾಗ ತಿಳಿಸುತ್ತೀರಿ ಎಂದು ಕೇಳಿ. ಕೊಡದಿದ್ದರೆ, ಕೊಡುವುದಿಲ್ಲ ಎಂದು ಬರೆದುಕೊಡಿ ಅನ್ನಿ. ಬರೆಯುವುದಕ್ಕೆ ಮಾತ್ರ ಅವರಿಗೆ ಭಯ. ನನ್ನಂಥವಳು ಬಂದು ಕೂತು ನಯವಾಗಿ ಮಾತಾಡಿದರೆ ನಂಬಬೇಡಿ.

ರತ್ನ, ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದುಹಾಕಿದ್ದೇನೆ. ಕೇಳಿದರೆ ಅದೂ ನಿನ್ನಿಂದ ಕಿತ್ತುಕೊಂಡ ಹಾಗೆ. ಸೋಮವಾರ ನೀನು ನನ್ನೊಡನೆ ಮಾತಾಡಬೇಕಿಲ್ಲ, ಈ ಕಡೆ ನೋಡಲೂಬೇಕಿಲ್ಲ. ಮೊದಲ ಬಸ್ಸಿಗೆ ಹೊರಡುತ್ತೇನೆ. ಕಚೇರಿಯ ಬಾಗಿಲು ತೆಗೆಯುವ ಮೊದಲೇ ಅಲ್ಲಿರುತ್ತೇನೆ.