ಯುಗಾದಿ ಹಿಂದಿನ ದಿನ ಬಂದ ಕಣ್ಣು

ಅಂತರಸನಹಳ್ಳಿಯ ವರ್ಕ್‌ಶಾಪಿನಲ್ಲಿ ಯಾರ ಕಣ್ಣಿಗೆ ಕಬ್ಬಿಣದ ಚೂರು ಬಿದ್ದರೂ ತೆಗೆಯುತ್ತಿದ್ದವನು ನಾನೇ. ಬೀಡಿ ಕಟ್ಟಿನ ಕಾಗದವನ್ನು ಚೂಪಾಗಿ ಮಡಚಿ, ರೆಪ್ಪೆ ಮಗುಚಿ, ಒಂದೇ ಏಟಿಗೆ ಎತ್ತಿಬಿಡುತ್ತಿದ್ದೆ. ಎಲ್ಲರೂ ಡಾಕ್ಟ್ರೇ ಎಂದು ಕರೆಯುತ್ತಿದ್ದರು, ನಾನೂ ಉಬ್ಬಿಹೋಗಿದ್ದೆ. ಒಂದು ದಿನ ಗ್ರೈಂಡಿಂಗ್ ಮಾಡುವಾಗ ನನ್ನ ಬಲಗಣ್ಣಿಗೇ ಚೂರು ಹಾರಿತು. ಬೈಕಿನ ಕನ್ನಡಿ ನೋಡಿಕೊಂಡು ಅದೇ ಕಾಗದದಿಂದ ಕೆದಕಿದೆ. ವಾರದೊಳಗೆ ಕೀವಾಗಿ, ಕರಿಗುಡ್ಡೆಯ ಮೇಲೆ ಬಿಳಿ ಕಲೆ ಕೂತಿತು. ಡಾಕ್ಟರಿಕೆ ಅಲ್ಲಿಗೆ ಮುಗಿಯಿತು.

ಎಡಗಣ್ಣು ಹುಟ್ಟಿನಿಂದಲೇ ಮಂದ. ಮೆಷಿನ್ ಬಿಡಿಸಿ ನನ್ನನ್ನು ಗೇಟಿನಲ್ಲಿ ಕೂರಿಸಿದರು. ಒಳಗೆ ಬೇರೆಯವನು ನನ್ನ ಲೇತ್ ಓಡಿಸುವ ಸದ್ದು ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಬೆಂಗಳೂರಿನ ಆಸ್ಪತ್ರೆಯವರು, ಸತ್ತವರು ದಾನ ಮಾಡಿದ ಕಾರ್ನಿಯಾ ಸಿಕ್ಕರೆ ಹಾಕುತ್ತೇವೆ ಎಂದು ಹೆಸರು ಬರೆದುಕೊಂಡರು. ಕಾಯುವವರು ಬಹಳ, ಕೊಡುವವರು ಕಮ್ಮಿ. ಒಂದೂವರೆ ವರ್ಷ ಕಾದೆ.

ಫೋನ್ ಬಂದದ್ದು ಯುಗಾದಿ ಹಿಂದಿನ ದಿನ ಬೆಳಗ್ಗೆ, ಗುಬ್ಬಿಯ ಮನೆಯಲ್ಲಿ ಹಲ್ಲುಜ್ಜುತ್ತಿದ್ದಾಗ. ಮಧ್ಯಾಹ್ನದೊಳಗೆ ಬರದಿದ್ದರೆ ಮುಂದಿನವರನ್ನು ಕರೆಯುತ್ತೇವೆ ಎಂದರು.

ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಇವತ್ತು ಅಮಾಸೆ ಕಣೋ. ಅಮಾಸೆ ದಿನ ಯಾರಾದ್ರೂ ಕಣ್ಣು ಕುಯ್ಯುಸ್ಕಂತಾರಾ? ನಾಳಿದ್ದು ಬರ್ತೀವಿ ಅನ್ನು."

ನಮ್ಮ ಮನೆಯಲ್ಲಿ ಅವ್ವನ ಮಾತಿಗೆ ಎದುರಿಲ್ಲ. ನಾನು ಬ್ರಷ್ ಕಚ್ಚಿಕೊಂಡು ಬೆಪ್ಪನಂತೆ ನಿಂತಿದ್ದೆ. ನನ್ನ ಹೆಂಡತಿ ಮಾತ್ರ ಚಪ್ಪಲಿ ಮೆಟ್ಟುತ್ತ, "ಅತ್ತೆ, ಕಣ್ಣು ಕೊಟ್ಟೋರೇನು ಪಂಚಾಂಗ ನೋಡ್ಕಂಡು ಸತ್ರಾ?" ಎಂದಳು.

ಅವ್ವ "ಹೋಗ್ಬುಟ್ಟು ಬರ್ರಿ," ಎಂದು ದಾರಿ ಬಿಟ್ಟಳು.

ಅವತ್ತೇ ಆಪರೇಷನ್ ಆಯಿತು. ಮಾರನೇ ದಿನ ಪಟ್ಟಿ ಬಿಚ್ಚಿದ ನರ್ಸ್ ಎಷ್ಟು ಬೆರಳು ಎಂದರು. ಎರಡು ಎಂದೆ. ಅವರು ತೋರಿಸಿದ್ದು ಮೂರಂತೆ. ಪೂರ್ತಿ ಕಾಣಲು ತಿಂಗಳುಗಳು ಬೇಕು ಎಂದರು ಡಾಕ್ಟರು. ನನಗಂತೂ ಆ ಎರಡು ಬೆರಳಿಗೇ ಕುಣಿಯುವಷ್ಟು ಖುಷಿ. ಅವತ್ತೇ ಮನೆಗೆ ಕಳಿಸಿದರು; ಬಸ್ಸು ತುಮಕೂರು ದಾಟುವಷ್ಟರಲ್ಲಿ ಹಬ್ಬಕ್ಕೆ ಎಷ್ಟು ಒಬ್ಬಟ್ಟು ತಿನ್ನಬೇಕೆಂದು ತೀರ್ಮಾನಿಸಿಯಾಗಿತ್ತು.

ಮನೆಗೆ ಬಂದರೆ ಬಾಗಿಲಿಗೆ ತೋರಣವಿಲ್ಲ. ಒಲೆ ತಣ್ಣಗಿತ್ತು.

"ಹಬ್ಬ ಮಾಡ್ಲಿಲ್ವೇನವ್ವಾ?"

"ಸೂತಕದ ಮನೇಲಿ ಎಂಥಾ ಹಬ್ಬ?"

"ಯಾರು ಹೋದ್ರು?"

"ಯಾರೋ, ಹೆಸರು ಗೊತ್ತಿಲ್ಲ. ಕಣ್ಣು ಕೊಟ್ಟ ಮೇಲೆ ಅವರು ನಮ್ಮೋರೇ ಅಲ್ವೇನ್ಲಾ?" ಎಂದು ಅವ್ವ ಪಕ್ಕದ ಮನೆಯವರು ತಂದುಕೊಟ್ಟ ಅನ್ನ ಸಾರು ಬಡಿಸಿದಳು.

ಕಣ್ಣಿಗೆ ಕೈ ಹಚ್ಚಲೇಬಾರದೆಂದು ಡಾಕ್ಟರು ಹೇಳಿದ್ದರಿಂದ, ಒರೆಸಿಕೊಳ್ಳದೆ ಹಾಗೇ ಉಂಡೆ.