ಹೊಲಿಗೆ ಕಾಣದ ಅಂಗಿ

ಗಾದಿಯಕ್ಕನ ಮನೆಯ ಮೇಲಿನ ಕೋಣೆಗೆ ಬಾಡಿಗೆಗೆ ಬರುವವರ ಸುದ್ದಿ ತಂದವಳು ನಾದಿನಿ.

"ಗಾಳೀಲಿ ಹಾರೋರಿಗೆ ಬಟ್ಟೆ ಹೊಲೀತಾರಂತೆ ಅತ್ತಿಗೆ."

"ಹಾಗಾದ್ರೆ ಅಳತೆ ತಗೊಳ್ಳೋಕೆ ಏಣಿ ಬೇಕಲ್ಲ," ಅಂದಳು ಗಾದಿಯಕ್ಕ. ಗಂಡನಿದ್ದಾಗ ಅವನ ಜೊತೆ, ಅವನು ಹೋದ ಮೇಲೆ ಒಬ್ಬಳೇ, ನಲವತ್ತು ವರ್ಷ ಗಾದಿ ಹೊಲಿದವಳು. ಅವಳ ನಾಲಿಗೆಯೂ ಸೂಜಿಯೇ.

ಬಂದವರು ಅರವತ್ತು ದಾಟಿದ ಸಣಕಲು ದರ್ಜಿ. ಟಿವಿ ಧಾರಾವಾಹಿಯೊಂದರ ಸೂಪರ್‌ಹೀರೊಗೆ ಹನ್ನೊಂದು ವರ್ಷದಿಂದ ಅವರದೇ ಕತ್ತರಿ.

ಒಂದು ದಿನ ಸೂಜಿ ದಾರ ಹಿಡಿದು ಕೆಳಗಿಳಿದು ಬಂದರು. "ಪೋಣಿಸಿ ಕೊಡ್ತೀರಾ ಅಕ್ಕ? ಮೇಲೆ ಬೆಳಕು ಕಮ್ಮಿ."

ನಡುಮಧ್ಯಾಹ್ನ, ಕಿಟಕಿ ತುಂಬ ಬಿಸಿಲು. ಗಾದಿಯಕ್ಕ ಅವರ ಮುಖ ನೋಡಿದಳು, ಪೋಣಿಸಿ ಕೊಟ್ಟಳು. ಮೂರನೇ ಸಲ ಬಂದಾಗ ಅವರೇ ಬಾಯಿ ಬಿಟ್ಟರು. ಕಣ್ಣಿಗೆ ಮಂಜು ಕವಿದಿದೆ, ಔಷಧಿಗೆ ಬಗ್ಗುವ ಮಂಜಲ್ಲ. ಗೊತ್ತಾದರೆ ಕೆಲಸ ಹೋಯಿತು. ಅದರ ಮೇಲೆ ಹೊಸ ಕಂತಿನಲ್ಲಿ ಹೀರೊ ಕಂಪ್ಯೂಟರ್ ಕಟ್ಟಿದ ಸುಳ್ಳುಲೋಕದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ. ಅಲ್ಲಿಗೆ ದರ್ಜಿ ಎಲ್ಲಿಂದ ಬರಬೇಕು, ಕುತ್ತಿಗೆಯಿಂದ ಪಾದದವರೆಗಿನ ಒಂದೇ ಅಂಗಿಯಲ್ಲಿ ಒಂದು ಹೊಲಿಗೆಯೂ ಕಾಣಬಾರದು, ಜಿಪ್ಪೂ ಬೇಡ ಎಂದು ನಿರ್ದೇಶಕರ ಅಪ್ಪಣೆ.

"ನನಗಂತೂ ಆಗಲೇ ಕಾಣಲ್ಲ," ಎಂದು ದರ್ಜಿ ನಕ್ಕರು. ನಗು ಪೂರ್ತಿ ಬರಲಿಲ್ಲ.

ಗಾದಿಗೆ ಹತ್ತಿ ತುಂಬಿದ ಮೇಲೆ ಬಾಯಿ ಮುಚ್ಚುವ ಒಳಹೊಲಿಗೆ ಒಂದಿದೆ. ಸೂಜಿ ಎರಡೂ ಅಂಚಿನ ಮಡಿಕೆಯೊಳಗೇ ಓಡಾಡುತ್ತದೆ. ದಾರ ಎಳೆದರೆ ಗುರುತೇ ಉಳಿಯದು.

"ನಿಮ್ಮ ಹೀರೋನೂ ಒಂದು ಗಾದಿ ಅಂದ್ಕೊಳ್ಳೋಣ," ಅಂದಳು ಗಾದಿಯಕ್ಕ. "ಅವನನ್ನ ಅಂಗಿಯೊಳಗೆ ತುಂಬೋಣ, ಬಾಯಿ ಹೊಲಿಯೋಣ."

ಹಾಗೆ ಅವಳು ದರ್ಜಿಯ ಸಹಾಯಕಿಯಾಗಿ ಸ್ಟುಡಿಯೊಗೆ ಹೋದಳು. ಸ್ಟೂಲಿನ ಮೇಲೆ ಕೂತ ಹೀರೊನ ಅಂಗಿಯ ಬೆನ್ನನ್ನು ಬೆಳಿಗ್ಗೆ ಕುತ್ತಿಗೆಯಿಂದ ಸೊಂಟದವರೆಗೆ ಹೊಲಿಯುವುದು, ಸಂಜೆ ಬಿಚ್ಚುವುದು, ಒಂಬತ್ತು ದಿನ. ನಡುವೆ ಅವನು ಪಾಯಿಖಾನೆಗೂ ಹೋಗುವಂತಿಲ್ಲ.

"ಅಜ್ಜಿ, ಎರಡೇ ನಿಮಿಷ ಬಿಚ್ಚಿ," ಎಂದು ಲೋಕ ಕಾಯುವ ವೀರ ಗೋಗರೆಯುತ್ತಿದ್ದ.

"ಯಾವ ಗಾದಿ ಎದ್ದು ಓಡಾಡುತ್ತಪ್ಪ? ಸುಮ್ನೆ ಕೂತ್ಕೊ."

ಕೊನೆಯ ದಿನ ನಿರ್ದೇಶಕರು ಆ ಬೆನ್ನಿನ ಮೇಲೆ ಅಂಗೈಯಾಡಿಸಿದರು. "ಯಾರ ಕೈ ಇದು?"

"ಇವರದೇ," ಅಂದಳು ಗಾದಿಯಕ್ಕ ತಡಮಾಡದೆ.

ದರ್ಜಿ ತಲೆ ಅಲ್ಲಾಡಿಸಿದರು. "ಸುಳ್ಳು. ಸೂಜಿ ಅಕ್ಕನದು. ನನಗೆ ದಾರ ಕಾಣದೆ ಆರು ತಿಂಗಳಾಯ್ತು."

ನಿರ್ದೇಶಕರು ಅಂಗಿಯ ತೋಳನ್ನು ಎತ್ತಿ ತಿರುಗಿಸಿ ನೋಡಿದರು.

"ಕತ್ತರಿಸಿದ್ದು?"

"ಅದು ನಾನೇ. ಬೆರಳಿಗೆ ಮಂಜು ಕವಿಯಲ್ಲ."

"ಹಾಗಿದ್ರೆ ಇಬ್ರೂ ಬನ್ನಿ, ನಾಳೆಯಿಂದ," ಎಂದು ನಿರ್ದೇಶಕರು ಹೊರಟರು. ಬಿಚ್ಚಿಸಿಕೊಳ್ಳಲು ಕಾದಿದ್ದ ಹೀರೊ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟ. ಕಂತು ಪ್ರಸಾರವಾದ ಮೇಲೆ, ಆ ಅಂಗಿಯನ್ನು ಕಂಪ್ಯೂಟರಿನಲ್ಲೇ ಚಿತ್ರ ಬಿಡಿಸಿದ್ದು ಎಂದು ನೋಡಿದವರೊಬ್ಬರು ಪತ್ರ ಬರೆದರು. ಗಾದಿಯಕ್ಕ ಅದನ್ನು ಎರಡು ಸಲ ಓದಿಸಿಕೊಂಡಳು.

ಇನ್ನೂ ನಾಲ್ಕು ವರ್ಷ ಅವರ ಕತ್ತರಿ, ಇವಳ ಸೂಜಿ ನಡೆಯಿತು. ಆಮೇಲೆ ದರ್ಜಿ ತಾವಾಗಿಯೇ ಕತ್ತರಿ ಕೆಳಗಿಟ್ಟು ಮಗಳ ಮನೆಗೆ ಹೊರಟರು. ಹೊಸ್ತಿಲಲ್ಲಿ ನಿಂತು ಒಂದು ಮಾತು ಕೇಳಿದರು:

"ನಾಳೆ ಹೊಸ ದರ್ಜಿ ಬರ್ತಾರೆ. ಒಂದು ವಾರ ಅವರನ್ನ ಗೇಲಿ ಮಾಡ್ಬೇಡಿ ಅಕ್ಕ. ಕೆಲಸ ಹೋಗುತ್ತೇನೋ ಅಂತ ಹೆದರಿದೋರ ಕೈ ಸುಮ್ಮಸುಮ್ಮನೆ ನಡುಗುತ್ತೆ."

"ವಾರ ಆಗಲ್ಲ ಕಣಣ್ಣ," ಅಂದಳು ಗಾದಿಯಕ್ಕ. "ಮೂರು ದಿನ ನೋಡ್ತೀನಿ."