ಶಿವದೇವಿ ಸುತ್ತಿದ ಮೋಟಾರು

ತಾಯಪ್ಪನಿಗೆ ಲಕ್ವಾ ಹೊಡೆದು ಬಲಗೈ, ಮಾತು ಎರಡೂ ಹೋದ ಮೇಲೆ ಹೈದರಾಬಾದಿನ ಜೀಡಿಮೆಟ್ಲಾದ ಅವನ ಮೋಟಾರು ರಿಪೇರಿ ಅಂಗಡಿ ಕೆಲವು ವಾರ ಮುಚ್ಚಿತ್ತು. ಆಮೇಲೆ ಹೆಂಡತಿ ಶಿವದೇವಿಯೇ ಬಾಗಿಲು ತೆರೆದಳು. ಸೇಡಂ ಕಡೆಯಿಂದ ಮದುವೆಯಾಗಿ ಬಂದಂದಿನಿಂದ ಗಂಡನ ಪಕ್ಕದಲ್ಲಿ ಕೂತು, ಸುಟ್ಟ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿದವಳು. ಕೈಗೆ ಕೆಲಸ ಗೊತ್ತಿತ್ತು. ಎಷ್ಟು ಶಕ್ತಿಯ ಮೋಟಾರಿಗೆ ಎಷ್ಟು ದಪ್ಪದ ತಂತಿ ಎಂಬ ಲೆಕ್ಕ ಮಾತ್ರ ಅವನದಾಗಿತ್ತು. "ಇದು ಮೂರು ಎಚ್‌ಪಿ, ಇದು ಐದು" ಎಂದು ಅವನು ಹೇಳಿದರೆ ಅವಳು ಸುತ್ತುತ್ತಿದ್ದಳು.

ಮನೆಯಲ್ಲಿ ಒಬ್ಬನನ್ನೇ ಬಿಡಲು ಮನಸ್ಸಾಗದೆ ಅಂಗಡಿಯೊಳಗೇ ಮಂಚ ಹಾಕಿ ಅವನನ್ನು ಮಲಗಿಸಿದಳು.

ಮೊದಲು ಬಂದವನು ಹಿಟ್ಟಿನ ಗಿರಣಿಯ ರಾಮದಾಸ. ಸುಟ್ಟ ಮೋಟಾರಿನ ಹಳೆಯ ತಂತಿಯನ್ನು ಬೇರೆ ಯಾರೋ ಆಗಲೇ ಕಿತ್ತು ಹಾಕಿದ್ದರು. ಅದಿದ್ದರೆ ನೋಡಿಕೊಂಡು ಸುತ್ತಬಹುದಿತ್ತು. ಉಳಿದಿದ್ದು ಮೋಟಾರಿನ ಮೈಮೇಲಿನ ತಗಡಿನ ಪಟ್ಟಿ. ತುಕ್ಕು ತಿಂದು ಅದರಲ್ಲಿ 3.7 ಎಂಬ ಅಂಕಿಯಷ್ಟೇ ಕಾಣುತ್ತಿತ್ತು.

"ನಿಮ್ಮಿಂದ ಆಗ್ತದೇನಕ್ಕಾ?" ರಾಮದಾಸ ಅನುಮಾನಿಸಿದ.

"ಆಗ್ತೈತ್ರಿ. ನಾಳಿ ಬರ್ರಿ."

ಅಂಕಿಯನ್ನು ಗಟ್ಟಿಯಾಗಿ ಓದಿಕೊಂಡು, ಮೂರು ಎಚ್‌ಪಿಗಿಂತ ಚೂರು ಹೆಚ್ಚು ಅಷ್ಟೇ ಎಂದುಕೊಂಡು ಅವಳು ಸಣ್ಣ ತಂತಿ ಹಿಡಿದು ಕೂತಳು. ಅರ್ಧ ಸುತ್ತಿದ್ದಾಗ ತಾಯಪ್ಪ ಎಡಗೈಯಿಂದ ಮಂಚ ಬಡಿಯತೊಡಗಿದ. ತಿರುಗಿದರೆ, ಐದು ಬೆರಳು ಬಿಡಿಸಿ ತೋರಿಸಿದ.

"ಐದು ಗಂಟೇಕ ಗುಳಗಿ ಇಲ್ರಿ, ಊಟ ಆದ ಮ್ಯಾಲ ಐತಿ."

ಮತ್ತೆ ಬಡಿದ. ನೀರು ಕೊಟ್ಟಳು; ಲೋಟವನ್ನು ತಳ್ಳಿಬಿಟ್ಟ. ನೀರು ಹಾಸಿಗೆಯ ಮೇಲೆಲ್ಲ ಚೆಲ್ಲಿತು.

"ನನಗ ತಿಳಿಯವಲ್ದು! ಕೆಲಸ ಮಾಡಾಕ ಬಿಡ್ರಿ!" ಎಂದು ಚೀರಿ ಅವನಿಗೆ ಬೆನ್ನು ಮಾಡಿ ಕೂತಳು. ಬಡಿತ ನಿಂತಿತು. ಹೊರಳಿ ನೋಡಿದರೆ ಅವನ ಕೈ ಇನ್ನೂ ಮೇಲೆಯೇ ಇತ್ತು, ಐದು ಬೆರಳೂ ಬಿಡಿಸಿಕೊಂಡೇ. ನೀರು ತುಂಬಿದ ಕಣ್ಣು ಮೋಟಾರಿನ ಮೇಲಿತ್ತು.

"ಇದು... ಐದು ಎಚ್‌ಪಿ ಏನ್ರಿ?"

ತಾಯಪ್ಪ ಹೌದೆಂಬಂತೆ ಕೈ ಇಳಿಸಿ ಕಣ್ಣು ಮುಚ್ಚಿದ.

ಆಗ ಅವಳಿಗೆ ಹೊಳೆಯಿತು. ತುಕ್ಕು ತಿಂದದ್ದು ಕಿಲೋವ್ಯಾಟ್ ಎಂಬ ಗುರುತನ್ನು. ಒಂದು ಕಿಲೋವ್ಯಾಟ್ ಎಂದರೆ ಒಂದೂ ಕಾಲು ಎಚ್‌ಪಿಗಿಂತ ತುಸು ಹೆಚ್ಚು; ಮೂರು ಪಾಯಿಂಟ್ ಏಳು ಕಿಲೋವ್ಯಾಟ್ ಐದು ಎಚ್‌ಪಿಗೆ ಸಮ. ಗಿರಾಕಿಗಳಿಗೆ ಅವನು ಹೀಗೆ ವಿವರಿಸುವಾಗ ಎಷ್ಟೋ ಸಲ ಅವಳ ಕಿವಿಗೆ ಬಿದ್ದಿತ್ತು, ತನಗೆ ಬೇಕಾದ ಮಾತಲ್ಲವೆಂದು ಬಿಟ್ಟಿದ್ದಳು. ಆ ಸಣ್ಣ ತಂತಿಯಲ್ಲಿ ಸುತ್ತಿ ಕೊಟ್ಟಿದ್ದರೆ, ಜೋಳ ಸುರಿದೊಡನೆ ಮೋಟಾರು ಮತ್ತೆ ಸುಡುತ್ತಿತ್ತು.

ಸುತ್ತಿದ್ದನ್ನೆಲ್ಲ ಕತ್ತರಿಸಿ ತೆಗೆದಳು. ಒದ್ದೆ ಹಾಸಿಗೆ ಬದಲಿಸಿ ಅವನ ಪಕ್ಕ ಕೂತಳು. "ತಪ್ಪಾತ್ರಿ. ನಿಮ್ಮ ಮ್ಯಾಲ ಚೀರಬಾರದಿತ್ತು." ಅವನು ಎಡಗೈಯನ್ನು ಅವಳ ಕೈಮೇಲಿಟ್ಟ.

ರಾತ್ರಿಯೇ ದಪ್ಪ ತಂತಿ ಸುತ್ತಿ ಮುಗಿಸಿದಳು. ಮರುದಿನ ಗಿರಣಿಯಲ್ಲಿ ಮೋಟಾರು ಬಿಸಿಯಾಗದೆ ಓಡಿತು. ಆಮೇಲೆ ಪ್ರತಿ ಮೋಟಾರಿನ ಅಂಕಿಯನ್ನೂ ಅವಳು ಗಂಡನಿಗೆ ಓದಿ ಹೇಳುತ್ತಿದ್ದಳು. "ಏಳೂವರೆ ಕಿಲೋವ್ಯಾಟ್ ಅಂತೈತಿ. ಹತ್ತು ಎಚ್‌ಪಿ ಹೌದಲ್ರಿ?" ಅವನು ತಲೆಯಾಡಿಸುತ್ತಿದ್ದ. ಮಾತು ಮಾತ್ರ ಮರಳಲೇ ಇಲ್ಲ.

ಮುಂದಿನ ಮಳೆಗಾಲದಲ್ಲಿ ತಾಯಪ್ಪ ತೀರಿಕೊಂಡ. ಸೇಡಂ ಕಡೆಯ ಊರಲ್ಲಿ ಮಣ್ಣು ಮಾಡಿದರು. ಇಲ್ಲೇ ಇದ್ದುಬಿಡು ಎಂದು ಅತ್ತಿಗೆ ಗದಿಗೆಮ್ಮ ಕೈ ಹಿಡಿದು ಅತ್ತಳು.

"ಅಲ್ಲಿ ಮಂದಿ ಮೋಟಾರ್ ಬಿಟ್ಟು ಹೋಗ್ಯಾರ, ವೈನಿ," ಎಂದು ಶಿವದೇವಿ ಹೈದರಾಬಾದಿನ ಬಸ್ಸು ಹತ್ತಿದಳು.